ಅತಿಭೋಜನವೆಲ್ಲವೂ ಜಿಹ್ವಾಚಾಪಲ್ಯವೇ?

ಚಾತುರ್ಮಾಸ್ಯದಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳನ್ನು ಆಚರಿಸುವ ನಮಗೆ, ನಾಲಗೆಯನ್ನು ಗೆಲ್ಲುವುದು ಇಂದ್ರಿಯಜಯದ ಮೊದಲ ಮೆಟ್ಟಿಲೆಂಬುದು ಹೊಸ ಮಾತಲ್ಲ. ಆದರೆ ಮಿತಿಮೀರಿ ಉಣ್ಣುವವರೆಲ್ಲರನ್ನೂ ಜಿಹ್ವಾಚಪಲರೆಂದು ನಿಂದಿಸುವುದು ನ್ಯಾಯವೇ ಎಂಬುದು ವಿಚಾರಾರ್ಹವಾದ ಸಂಗತಿ.

ಕೆಲವರು ಪಂಕ್ತಿಯಲ್ಲಿ ಮಿತವಾಗಿಯೇ ಉಣ್ಣುತ್ತಾರೆ. ಆದರೆ ಪರೀಕ್ಷೆಯ ಭಯವೋ ಗೃಹಕಲಹವೋ ಬಾಧಿಸಿದಾಗ, ಎಲ್ಲರೂ ಮಲಗಿದ ಮೇಲೆ, ಹಸಿವಿಲ್ಲದಿದ್ದರೂ ಅಡಿಗೆಮನೆಯಲ್ಲಿದ್ದುದನ್ನೆಲ್ಲ ತಿನ್ನುತ್ತಾರೆ. ನಿಲ್ಲಿಸಬೇಕೆಂದರೂ ಕೈ ನಿಲ್ಲದು. ಆಮೇಲೆ ನಾಚಿಕೆ, ಪಶ್ಚಾತ್ತಾಪ. ಆ ದುಃಖದಿಂದ ಮತ್ತೆ ಅದೇ ಅತಿಭೋಜನ. ಇಂತಹ ಅನಿಯಂತ್ರಿತ ಭೋಜನವು ಮರುಕಳಿಸುತ್ತಿದ್ದರೆ ಅದು ಪ್ರತ್ಯೇಕವಾದ ವ್ಯಾಧಿಯೆಂದು ಅಮೆರಿಕಾದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗಪಟ್ಟಿಯಲ್ಲಿ ಸೇರಿಸಿತು.

ದೇಹದಲ್ಲಿ ನಡೆಯುವುದಾದರೂ ಏನು? ಹಠಾತ್ತಾಗಿ ಬಂದ ಭಯವು ಸಾಮಾನ್ಯವಾಗಿ ಹಸಿವನ್ನು ಅಡಗಿಸುತ್ತದೆ. ಚಿಂತೆಯು ಬಹುಕಾಲ ನೆಲೆಸಿದರೆ ಕಾರ್ಟಿಸೋಲ್ ಎಂಬ ರಸವು ದೇಹದಲ್ಲಿ ಹೆಚ್ಚಿ, ಸಿಹಿ ಹಾಗೂ ಜಿಡ್ಡಿನ ಪದಾರ್ಥಗಳ ಮೇಲಿನ ಆಸೆಯನ್ನು ಕೆರಳಿಸಬಲ್ಲದು. ಮೆದುಳಿನ ವಿಷಯದಲ್ಲಿ 2017ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ಪರೀಕ್ಷೆಯೊಂದುಂಟು. ಅತಿಯಾಗಿ ತಿಂದು ವಾಂತಿ ಮೊದಲಾದ ಉಪಾಯಗಳಿಂದ ಹೊರಹಾಕುವ ಬುಲಿಮಿಯಾ ವ್ಯಾಧಿಯುಳ್ಳ 10 ಮಂದಿ ಸ್ತ್ರೀಯರಿಗೂ, ವ್ಯಾಧಿಯಿಲ್ಲದ 10 ಮಂದಿಗೂ ಬಿಡಿಸಲಾಗದ ಲೆಕ್ಕವನ್ನು ಕೊಟ್ಟು ಕಳವಳಗೊಳಿಸಿ, ಬಳಿಕ ತಿಂಡಿಗಳ ಚಿತ್ರಗಳನ್ನು ತೋರಿಸಲಾಯಿತು. ತನ್ನನ್ನು ಕುರಿತ ಚಿಂತನೆಗೆ ಸಂಬಂಧಿಸಿದ ಪ್ರಿಕ್ಯೂನಿಯಸ್ ಎಂಬ ಮೆದುಳಿನ ಭಾಗದಲ್ಲಿ ವ್ಯಾಧಿಯಿಲ್ಲದವರಿಗೆ ರಕ್ತಸಂಚಾರವು ಹೆಚ್ಚಿತು, ವ್ಯಾಧಿಯುಳ್ಳವರಿಗೆ ಕುಗ್ಗಿತು. ಪರೀಕ್ಷೆ ಚಿಕ್ಕದಾದರೂ ಅದರಿಂದ ಹೊಳೆಯುವ ಅರ್ಥ ಗಂಭೀರವಾದದ್ದು: ಅಂಥವರಿಗೆ ಅನ್ನವು ರುಚಿಗಾಗಿ ಅಲ್ಲ, ತನ್ನನ್ನು ತಾನು ಕ್ಷಣಕಾಲ ಮರೆಯುವುದಕ್ಕಾಗಿ.

ಹಾಗಾದರೆ ತಿಂದವನಿಗೆ ಕರ್ತವ್ಯವೇ ಇಲ್ಲವೇ? ಉಂಟು. ಕೈ ತಡೆಯಲಾಗದ ಆ ಗಳಿಗೆಯಲ್ಲಿ ಅಲ್ಲ, ಅದಕ್ಕೆ ಮೊದಲೇ ಅದು ಇದೆ: ಕಷ್ಟವನ್ನು ಮುಚ್ಚಿಡದೆ ಆಪ್ತರಿಗೆ ಹೇಳುವುದು, ವೈದ್ಯರನ್ನು ಕಾಣುವುದು. ಮನೆಯವರಿಗೂ ಕರ್ತವ್ಯವುಂಟು. ನಿಂದೆಯಿಂದ ಕ್ಲೇಶವೂ, ಕ್ಲೇಶದಿಂದ ಅತಿಭೋಜನವೂ ಬೆಳೆಯುವುದಾದರೆ, ನಿಂದಿಸುವವನು ಆ ದೋಷದಲ್ಲಿ ಪಾಲುಗಾರನಾಗುತ್ತಾನೆ.

ಇಲ್ಲಿ ಏಕಾದಶಿಯ ಪ್ರಶ್ನೆಯೂ ಏಳುತ್ತದೆ. ಬಹುಹೊತ್ತು ಬರಿಹೊಟ್ಟೆಯಲ್ಲಿರುವುದು ಈ ವ್ಯಾಧಿಯನ್ನು ಕೆರಳಿಸಬಹುದಾದ್ದರಿಂದ ವೈದ್ಯರು ನಿಯತಕಾಲದ ಆಹಾರವನ್ನು ವಿಧಿಸುತ್ತಾರೆ. ಅತಿಯಾಗಿ ಉಣ್ಣುವವನಿಗೂ, ಏನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂದು ಭಗವಂತನು ಗೀತೆಯ ಆರನೆಯ ಅಧ್ಯಾಯದಲ್ಲಿ ಹೇಳಿರುವನಷ್ಟೆ. ಏಕಾದಶಿಯ ನಿಷ್ಠೆಗೆ ಇದರಿಂದ ಕುಂದಿಲ್ಲ. ಆದರೆ ರೋಗಪೀಡಿತರಿಗೆ ನಿರಾಹಾರವನ್ನು ಬಲವಂತವಾಗಿ ಹೊರಿಸಬಾರದು. ಅವರು ವೈದ್ಯರ ಸಲಹೆಯನ್ನು ಪಡೆದು, ಗುರುಹಿರಿಯರನ್ನು ಕೇಳಿ ನಡೆಯುವುದು ಯುಕ್ತ.

ನಾಲಗೆಗೆ ಉಣ್ಣುವುದೂ ಆಡುವುದೂ ಎರಡೂ ಕೆಲಸಗಳುಂಟು. ಆದ್ದರಿಂದ ನಾಲಗೆಯನ್ನು ಗೆಲ್ಲುವ ವ್ರತದಲ್ಲಿ, ನೊಂದವರ ಮುಂದೆ ಕಟುವಚನವನ್ನು ತ್ಯಜಿಸುವುದೂ ಸೇರಿದೆಯೆಂದು ನಾವು ಭಾವಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥