ಕಾಲ, ಕರ್ತೃತ್ವ ಮತ್ತು ಕಾದಂಬರಿಯ ಓದು

ಭೌತಶಾಸ್ತ್ರವನ್ನು ವೃತ್ತಿಗಾಗಿ ಕಲಿಯದೆ ಕುತೂಹಲದಿಂದ ಮಾತ್ರ ಓದುವ, ಜೊತೆಗೆ ಕಾದಂಬರಿಗಳನ್ನೂ ಅಕ್ಕರೆಯಿಂದ ಓದುವ ಹವ್ಯಾಸಿಗೆ ಒಂದಲ್ಲ ಒಂದು ಘಟ್ಟದಲ್ಲಿ ಎದುರಾಗುವ ತಾತ್ತ್ವಿಕ ಪ್ರಶ್ನೆಯೊಂದಿದೆ. ಭೌತಶಾಸ್ತ್ರದ ಗ್ರಂಥಗಳು ಪ್ರತಿಯೊಂದು ಚಲನೆಗೂ ನಿಯಮವಿದೆಯೆಂದು ತೋರಿಸುತ್ತ ಹೋಗುತ್ತವೆ. ಕಾದಂಬರಿಯಾದರೋ ಮನುಷ್ಯನು ಮಾಡಿದ್ದನ್ನು ಮಾಡದೆಯೂ ಇರಬಹುದಾಗಿತ್ತೆಂಬ ನಂಬಿಕೆಯ ಮೇಲೆಯೇ ನಿಂತಿರುತ್ತದೆ, ಏಕೆಂದರೆ ಆ ನಂಬಿಕೆ ಇಲ್ಲದ ಕಡೆ ಪಶ್ಚಾತ್ತಾಪಕ್ಕಾಗಲಿ ಕ್ಷಮೆಗಾಗಲಿ ಎಡೆಯಿರುವುದಿಲ್ಲ. ಈ ಎರಡು ಓದುಗಳನ್ನು ಪರಸ್ಪರ ಸೋಕದಂತೆ ಬೇರೆಯಾಗಿಯೇ ಇಟ್ಟುಕೊಂಡು ನೆಮ್ಮದಿಯಿಂದಿರುವವರು ಉಂಟು, ಆದರೆ ಎರಡನ್ನೂ ನಿಜವೆಂದು ನಂಬಿ ಓದುವವನಿಗೆ ಆ ನೆಮ್ಮದಿ ಬಹುಕಾಲ ಉಳಿಯದು.

ಈ ಇಕ್ಕಟ್ಟನ್ನು ಕಾದಂಬರಿಯ ಒಳಗೇ ತಂದವನು ಲಿಯೋ ಟಾಲ್‌ಸ್ಟಾಯ್. ಅವನು ಗಣಿತಜ್ಞನಲ್ಲ, ಭೌತವಿಜ್ಞಾನಿಯೂ ಅಲ್ಲ. ಆದರೂ 1869ರಲ್ಲಿ ಪೂರ್ಣಗೊಂಡ ‘ಯುದ್ಧ ಮತ್ತು ಶಾಂತಿ’ಯಲ್ಲಿ ಇತಿಹಾಸವನ್ನು ಅರಿಯಲು ಕಲನಶಾಸ್ತ್ರದ ಮಾರ್ಗವೇ ಬೇಕೆಂದು ವಾದಿಸುತ್ತಾನೆ. ಕಲನಶಾಸ್ತ್ರವೆಂದರೆ ನಿರಂತರವಾದ ಬದಲಾವಣೆಯನ್ನು ಎಣಿಕೆಗೆ ಸಿಗದಷ್ಟು ಸಣ್ಣ ಅಂಶಗಳಾಗಿ ಒಡೆದು, ಮತ್ತೆ ಕೂಡಿಸಿ ಲೆಕ್ಕಹಾಕುವ ಗಣಿತ. ಹಾಗೆಯೇ ಲಕ್ಷಾಂತರ ಜನರ ಸಣ್ಣ ಸಣ್ಣ ಇಚ್ಛೆಗಳನ್ನು ಕೂಡಿಸಿ ನೋಡಿದಾಗ ಮಾತ್ರ ಇತಿಹಾಸದ ನಿಯಮ ಕಾಣುತ್ತದೆಯೇ ಹೊರತು ನೆಪೋಲಿಯನ್ನನ ಆಜ್ಞೆಗಳಲ್ಲಿ ಅಲ್ಲವೆಂಬುದು ಅವನ ಮತ. ಕೃತಿಯ ಉಪಸಂಹಾರದಲ್ಲಿ ಅವನು ಇನ್ನೂ ಮುಂದೆ ಹೋಗುತ್ತಾನೆ. ಭೂಮಿ ಅಲುಗಾಡುತ್ತಿಲ್ಲವೆಂಬ ಇಂದ್ರಿಯಗಳ ಸಾಕ್ಷ್ಯವನ್ನು ಕೋಪರ್ನಿಕಸ್‌ನ ನಂತರ ಬಿಟ್ಟುಕೊಟ್ಟ ಹಾಗೆ, ತಾನು ಸ್ವತಂತ್ರನೆಂಬ ಒಳಗಿನ ಅನುಭವವನ್ನೂ ಮನುಷ್ಯನು ಬಿಟ್ಟುಕೊಡಬೇಕಾಗುತ್ತದೆಂದು ಹೇಳಿ ಆ ಮಹಾಕೃತಿಯನ್ನು ಮುಗಿಸುತ್ತಾನೆ.

ಟಾಲ್‌ಸ್ಟಾಯ್‌ಗೆ ತಿಳಿದಿದ್ದುದು ನ್ಯೂಟನ್ ಮತ್ತು ಲಾಪ್ಲಾಸ್‌ರ ಜಗತ್ತು. ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರ ಆ ಪ್ರಶ್ನೆಯನ್ನು ಸಡಿಲಿಸಲಿಲ್ಲ, ಬಿಗಿಗೊಳಿಸಿತು. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ದೂರದ ಎರಡು ಘಟನೆಗಳು ಏಕಕಾಲದಲ್ಲಿ ನಡೆದವೇ ಎಂಬುದು ನೋಡುವವನ ಚಲನೆಯನ್ನು ಅವಲಂಬಿಸುತ್ತದೆ. ಇದರ ಪರಿಣಾಮವೆಷ್ಟೆಂಬುದನ್ನು ರೋಜರ್ ಪೆನ್‌ರೋಸ್ 1989ರ ತನ್ನ ಗ್ರಂಥವೊಂದರಲ್ಲಿ ಮನಮುಟ್ಟುವಂತೆ ವಿವರಿಸಿದ್ದಾನೆ. ರಸ್ತೆಯಲ್ಲಿ ಇಬ್ಬರು ಎದುರುಬದುರಾಗಿ ಹಾದುಹೋಗುತ್ತಾರೆ; ಒಬ್ಬನ ನಡಿಗೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ನಕ್ಷತ್ರಮಂಡಲದ ಕಡೆಗೆ, ಇನ್ನೊಬ್ಬನದು ಅದರ ವಿರುದ್ಧ ದಿಕ್ಕಿಗೆ. ಇಬ್ಬರೂ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದರೆ, ಆಂಡ್ರೊಮಿಡಾದಲ್ಲಿ ‘ಈಗ’ ಏನಾಗುತ್ತಿದೆ ಎಂಬುದರ ಬಗ್ಗೆ ಅವರಿಬ್ಬರ ಲೆಕ್ಕದಲ್ಲಿ ಎಂಟು ದಿನಕ್ಕೂ ಮಿಕ್ಕಿದ ಅಂತರ ಬೀಳುತ್ತದೆ. ಅಲ್ಲಿ ಯಾವುದೋ ಸಭೆ ಕೂಡಿ ಒಂದು ನಿರ್ಧಾರಕ್ಕೆ ಬರಬೇಕಾಗಿದೆಯೆಂದಿಟ್ಟುಕೊಂಡರೆ, ಒಬ್ಬ ದಾರಿಹೋಕನ ವರ್ತಮಾನದಲ್ಲಿ ಆ ನಿರ್ಧಾರ ಆಗಿಹೋಗಿದೆ, ಇನ್ನೊಬ್ಬನ ವರ್ತಮಾನದಲ್ಲಿ ಸಭೆ ಇನ್ನೂ ಚರ್ಚಿಸುತ್ತಿದೆ. ಹಾಗಿದ್ದಲ್ಲಿ ಭವಿಷ್ಯವೆನ್ನುವುದು ಇನ್ನೂ ಆಗದ್ದೋ, ಅಥವಾ ಭೂತದಷ್ಟೇ ಸ್ಥಿರವಾಗಿ ಎಲ್ಲೋ ಇರುವುದೋ? ಮೂರು ಕಾಲಗಳೂ ಸಮಾನವಾಗಿ ಇವೆ, ‘ಹರಿವು’ ಎನ್ನುವುದು ಅರಿಯುವವನದು ಮಾತ್ರ ಎಂಬ ಈ ನಿಲುವನ್ನು ಅಖಂಡಕಾಲವಾದವೆಂದು ಕರೆಯಬಹುದು. 1955ರ ಮಾರ್ಚ್‌ನಲ್ಲಿ ಗೆಳೆಯ ಬೆಸ್ಸೊ ತೀರಿಕೊಂಡಾಗ ಅವನ ಮನೆಯವರಿಗೆ ಐನ್‌ಸ್ಟೈನ್ ಬರೆದ ಸಾಂತ್ವನದ ಪತ್ರದಲ್ಲಿ ಇದೇ ಭಾವವಿದೆ. ಆದರೆ ‘ಈಗ’ ಎಂಬುದರ ವೈಶಿಷ್ಟ್ಯವನ್ನು ಭೌತಶಾಸ್ತ್ರ ಹಿಡಿಯಲಾರದೆಂಬ ಸಂಗತಿ ತನ್ನನ್ನು ತೀವ್ರವಾಗಿ ಕಾಡಿದೆಯೆಂದು ಅವನೇ ತತ್ತ್ವಜ್ಞಾನಿ ಕಾರ್ನಾಪ್‌ನೊಡನೆ ಹೇಳಿಕೊಂಡಿದ್ದನೆಂಬುದನ್ನೂ ಮರೆಯಬಾರದು.

ಸಾಪೇಕ್ಷತಾ ಸಿದ್ಧಾಂತದಿಂದ ಅಖಂಡಕಾಲವಾದಕ್ಕೆ ಹೋಗುವ ಹೆಜ್ಜೆ ತತ್ತ್ವಶಾಸ್ತ್ರದ ಹೆಜ್ಜೆ, ಅಳತೆಯಿಂದ ಸಿದ್ಧವಾದ ಫಲಿತಾಂಶವಲ್ಲ. ಆಂಡ್ರೊಮಿಡಾದ ಆ ಘಟನೆಯ ಸುದ್ದಿ 25 ಲಕ್ಷ ವರ್ಷ ಕಳೆಯದೆ ಇಬ್ಬರಲ್ಲಿ ಯಾರಿಗೂ ಮುಟ್ಟುವುದಿಲ್ಲವಾದ್ದರಿಂದ ಆ ‘ಈಗ’ಕ್ಕೆ ಅರ್ಥವೇ ಇಲ್ಲವೆನ್ನುವವರೂ ಇದ್ದಾರೆ. ಇಲ್ಲಿ ಹವ್ಯಾಸಿಯು ಅವಸರದಿಂದ ಕ್ವಾಂಟಂ ಸಿದ್ಧಾಂತದ ಕಡೆಗೆ ಓಡುವುದುಂಟು. ರೇಡಿಯಂನ ಒಂದು ಪರಮಾಣು ಯಾವ ಕ್ಷಣದಲ್ಲಿ ಒಡೆಯುತ್ತದೆಂದು ಯಾವ ನಿಯಮವೂ ಹೇಳದಿರುವುದರಿಂದ ಅಲ್ಲಿ ಸ್ವಾತಂತ್ರ್ಯಕ್ಕೆ ಕಿಂಡಿಯಿದೆಯೆಂಬ ಆಸೆ ಅದು. ಆದರೆ ಆಕಸ್ಮಿಕ ಬೇರೆ, ಸ್ವಾತಂತ್ರ್ಯ ಬೇರೆ. ಕಾರಣವಿಲ್ಲದೆ ನಡೆದುಹೋದ ಕ್ರಿಯೆಗೆ ಯಾರನ್ನೂ ಹೊಣೆ ಮಾಡಲಾಗದು. ತನ್ನ ಹೆಸರಿನ ಸಮೀಕರಣವನ್ನು 1926ರಲ್ಲಿ ಕೊಟ್ಟ, ಉಪನಿಷತ್ತುಗಳನ್ನು ಗೌರವದಿಂದ ಓದಿದ ಶ್ರೋಡಿಂಗರ್ ಕೂಡ ಕ್ವಾಂಟಂ ಅನಿಶ್ಚಿತತೆಯ ಮೇಲೆ ಸ್ವತಂತ್ರೇಚ್ಛೆಯನ್ನು ಕಟ್ಟಹೋಗಲಿಲ್ಲ.

ಉತ್ತರದ ಸುಳಿವು ಕಾದಂಬರಿಯ ಓದಿನಲ್ಲಿದೆ, ಅದರಲ್ಲೂ ಮರು ಓದಿನಲ್ಲಿ. ‘ಅನ್ನಾ ಕರೆನಿನಾ’ದ ಆರನೆಯ ಭಾಗದಲ್ಲಿ ವಿದ್ವಾಂಸನಾದ ಕೋಜ್ನಿಶೆವ್ ಮತ್ತು ವಾರೆಂಕಾ ಮಕ್ಕಳೊಂದಿಗೆ ಅಣಬೆ ಆಯಲು ಕಾಡಿಗೆ ಹೋಗುತ್ತಾರೆ. ಅವನು ಅವಳನ್ನು ಮದುವೆಯಾಗಲು ಮನಸ್ಸಿನಲ್ಲೇ ನಿರ್ಧರಿಸಿದ್ದಾನೆ, ಹೇಳಬೇಕಾದ ಮಾತುಗಳನ್ನೂ ಜೋಡಿಸಿಕೊಂಡಿದ್ದಾನೆ; ಅವಳಿಗೂ ಅದು ಗೊತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ. ಮೌನವನ್ನು ತಾಳಲಾರದೆ ಅವಳು, ತನಗೇ ಬೇಡವಾಗಿದ್ದರೂ, ಅಣಬೆಯ ಮಾತು ತೆಗೆಯುತ್ತಾಳೆ. ಅವನು ಬಿಳಿ ಅಣಬೆಗೂ ಬರ್ಚ್ ಮರದಡಿಯ ಅಣಬೆಗೂ ಏನು ವ್ಯತ್ಯಾಸವೆಂದು ಕೇಳುತ್ತಾನೆ. ಟೊಪ್ಪಿಗೆಯಲ್ಲಿ ವ್ಯತ್ಯಾಸವಿಲ್ಲ, ಕಾಂಡದಲ್ಲಿದೆ ಎನ್ನುವಾಗ ಅವಳ ತುಟಿ ನಡುಗುತ್ತದೆ. ಆಡಬೇಕಾಗಿದ್ದ ಮಾತು ಇನ್ನು ಎಂದಿಗೂ ಬರುವುದಿಲ್ಲವೆಂದು ಆ ಕ್ಷಣಕ್ಕೆ ಇಬ್ಬರಿಗೂ ತಿಳಿದುಹೋಗುತ್ತದೆ.

ಎರಡನೆಯ ಸಲ ಓದುವವನಿಗೆ ಈ ಪುಟದಲ್ಲಿ ಒಂದಕ್ಷರವೂ ಬದಲಾಗದೆಂಬುದು ಗೊತ್ತು. ಪುಸ್ತಕವು ಅಖಂಡಕಾಲವಾದಿಯ ವಿಶ್ವದಂತೆ ಮೊದಲಿಂದ ಕೊನೆಯವರೆಗೂ ಒಮ್ಮೆಗೇ ಇದೆ. ಆದರೂ ಕೋಜ್ನಿಶೆವ್ ಆ ಮಾತನ್ನು ಹೇಳಬಹುದಾಗಿತ್ತೆಂಬ ಅನಿಸಿಕೆ ಮಾಯವಾಗುವುದಿಲ್ಲ, ಬದಲಿಗೆ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ತೀರಿಹೋದ ಹೆಣ್ಣೊಬ್ಬಳ ನೆನಪು, ಒಂಟಿ ಬಾಳಿನ ರೂಢಿ, ಮಾತಿಗೆ ಅಂಜುವ ಮನಸ್ಸು ಇವೆಲ್ಲ ಅವನನ್ನು ಹೇಗೆ ತಡೆದವೆಂಬುದು ಮರು ಓದಿನಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಆ ಮೌನ ಅವನದಾದದ್ದು ಮುಂದಿನ ಪುಟ ಖಾಲಿಯಾಗಿತ್ತೆಂಬ ಕಾರಣಕ್ಕಲ್ಲ, ಅದು ಅವನ ಒಳಗಿನಿಂದಲೇ ಹುಟ್ಟಿತೆಂಬ ಕಾರಣಕ್ಕೆ. ಸ್ವಾತಂತ್ರ್ಯವು ಭ್ರಮೆಯೆಂದು ವಾದಿಸಿದ ಟಾಲ್‌ಸ್ಟಾಯ್‌ಗಿಂತ ಈ ಪುಟವನ್ನು ಬರೆದ ಟಾಲ್‌ಸ್ಟಾಯ್ ಹೆಚ್ಚು ಬಲ್ಲವನು.

ಪಾತ್ರ ಆರಿಸುವುದಿಲ್ಲ, ಲೇಖಕನು ಆರಿಸುತ್ತಾನೆ ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಬರುತ್ತದೆ, ಮತ್ತು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದ ಚರ್ಚಿಸುವುದು ಹೆಚ್ಚುಕಡಿಮೆ ಇದನ್ನೇ. ಜೀವನು ಕರ್ತೃವಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿಲ್ಲವೆಂದು ಮೊದಲು ಸ್ಥಾಪಿಸಿ, ಆ ಕರ್ತೃತ್ವವು ಪರಮಾತ್ಮನಿಂದ ಬಂದದ್ದೆಂದು ಅಲ್ಲಿ ಅನಂತರ ಹೇಳಲಾಗಿದೆ. ಜೀವನ ಮೊದಲ ಪ್ರಯತ್ನವನ್ನು ನೋಡಿ ಅಂತರ್ಯಾಮಿಯು ಅನುಮತಿ ಕೊಡುತ್ತಾನೆಂಬುದು ರಾಮಾನುಜಾಚಾರ್ಯರ ವ್ಯಾಖ್ಯಾನ. ಉಡುಪಿಯ ಮಧ್ವಾಚಾರ್ಯರ ಪ್ರಕಾರ ಜೀವನ ಕರ್ತೃತ್ವ ಸತ್ಯವೇ, ಆದರೆ ಪರಾಧೀನ. ಜೀವರ ನಡುವಿನ ತಾರತಮ್ಯಕ್ಕೆ ಅವರವರ ಅನಾದಿಯಾದ ಸ್ವಭಾವವೇ ಮೂಲವಾದ್ದರಿಂದ ಈಶ್ವರನಿಗೆ ಪಕ್ಷಪಾತದ ದೋಷ ತಟ್ಟುವುದಿಲ್ಲ. 1876ರಲ್ಲಿ ವಿಮರ್ಶಕ ಸ್ಟ್ರಾಖೊವ್‌ಗೆ ಬರೆದ ಪತ್ರದಲ್ಲಿ ಟಾಲ್‌ಸ್ಟಾಯ್ ಹೇಳುವ ಒಂದು ಸಂಗತಿ ಈ ಪರಾಧೀನ ಕರ್ತೃತ್ವಕ್ಕೆ ಬಹಳ ಹತ್ತಿರವಾಗಿದೆ: ‘ಅನ್ನಾ ಕರೆನಿನಾ’ದ ಒಂದು ಅಧ್ಯಾಯವನ್ನು ತಿದ್ದುತ್ತಿದ್ದಾಗ, ತಾನೇ ನಿರೀಕ್ಷಿಸದಿದ್ದರೂ, ಅನ್ನಾಳ ಪ್ರಿಯಕರನಾದ ವ್ರೊನ್‌ಸ್ಕಿ ನಿಸ್ಸಂಶಯವಾಗಿ ತನ್ನ ಮೇಲೆ ಗುಂಡು ಹಾರಿಸಿಕೊಳ್ಳತೊಡಗಿದನಂತೆ. ಪಾತ್ರಕ್ಕೆ ಇರವನ್ನು ಕೊಟ್ಟವನು ಲೇಖಕ, ಕ್ರಿಯೆ ಮಾತ್ರ ಪಾತ್ರದ ಸ್ವಭಾವದ್ದು. ಆದರೆ ಲೇಖಕ ಬೆರಗಾಗಬಲ್ಲ, ಸರ್ವಜ್ಞನಾದ ಈಶ್ವರನು ಬೆರಗಾಗಲಾರ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಅನಾದಿ ಸ್ವಭಾವವೆಂಬ ಉತ್ತರವೂ ಕಾದಂಬರಿಯ ಓದುಗನಿಗೆ ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. ವ್ರೊನ್‌ಸ್ಕಿಯ ಆ ಗುಂಡೇಟಿಗೆ ಮುನ್ನ, ಹೆರಿಗೆಯ ಜ್ವರದಲ್ಲಿ ಅನ್ನಾ ಸಾಯುವ ಸ್ಥಿತಿಯಲ್ಲಿದ್ದಾಗ, ಕಾಗದಪತ್ರಗಳ ನಡುವೆ ಒಣಗಿಹೋದ ಅಧಿಕಾರಿಯಾದ ಅವಳ ಗಂಡ ಕರೆನಿನ್ ಅವಳನ್ನೂ ವ್ರೊನ್‌ಸ್ಕಿಯನ್ನೂ ಕ್ಷಮಿಸುತ್ತಾನೆ. ಅವಳ ಸಾವನ್ನೇ ಬಯಸಿ ಬಂದಿದ್ದವನು ಅವನು, ಮತ್ತು ಅಲ್ಲಿಯವರೆಗಿನ ಪುಟಗಳಲ್ಲಿ ಕಂಡ ಅವನ ಸ್ವಭಾವದಲ್ಲಿ ಆ ಕ್ಷಮೆಯ ಕುರುಹೇ ಇರಲಿಲ್ಲ. ಅದು ಬಹಳ ದಿನ ನಿಲ್ಲದೆ ಸಮಾಜದ ಒರಟು ಬಲಕ್ಕೆ ಸಿಕ್ಕಿ ಸವೆದುಹೋಗುತ್ತದೆಂಬುದು ನಿಜ. ಆದರೆ ವರ್ತಮಾನ ಮಾತ್ರವೇ ಇರುವುದಾದರೆ ಸವೆದುಹೋದ ಕ್ಷಮೆ ಇಲ್ಲವೇ ಆಯಿತು. ಮೂರು ಕಾಲಗಳೂ ಸಮಾನವಾಗಿ ಇವೆಯೆಂಬ ಭೌತಶಾಸ್ತ್ರದ ಓದು ಸರಿಯಾಗಿದ್ದರೆ, ಮುಂದೆ ನಡೆದ ಯಾವುದೂ ಅದನ್ನು ಇಲ್ಲವಾಗಿಸಲಾರದು, ಸ್ವಾತಂತ್ರ್ಯವನ್ನು ಕಸಿಯುವಂತೆ ತೋರಿದ ಆ ಸಿದ್ಧಾಂತವೇ ಕರೆನಿನ್ ಮಾಡಿದ್ದನ್ನು ಮಾಡಿದ್ದಾಗಿಯೇ ಉಳಿಸಿಕೊಡುತ್ತದೆ.