ತಗ್ಗುವುದು, ಬಗ್ಗುವುದು

ಹೆಣ್ಣುಮಕ್ಕಳಿಗೆ ನಮ್ಮ ಹಿರಿಯರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: ‘ತಗ್ಗಿ ಬಗ್ಗಿ ನಡೆಯಮ್ಮ.’ ಈ ಎರಡು ಪದಗಳು ನಮ್ಮ ಬಾಯಲ್ಲಿ ಅವಳಿ ಮಕ್ಕಳ ಹಾಗೆ ಜೊತೆಯಾಗಿಯೇ ಓಡಾಡುತ್ತವೆ. ಆದರೆ ತಗ್ಗುವುದು ಬೇರೆ, ಬಗ್ಗುವುದು ಬೇರೆ. ಹಾಗೆಂದು ನನಗೆ ತೋರಿಸಿಕೊಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ಒಂದು ಹಳೆಯ ಕಾರಿನ ಸ್ಪ್ರಿಂಗು.

ನನ್ನ ಅಣ್ಣ 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ, ಅವನು ತೀರಿಕೊಂಡ ಮೇಲೂ ಅತ್ತಿಗೆಯ ಅಂಗಳದಲ್ಲಿದೆ. ಮುಂಬಯಿಯಲ್ಲಿ ದಶಕಗಟ್ಟಲೆ ಟ್ಯಾಕ್ಸಿಯಾಗಿ ದುಡಿದು, 2023ರ ಅಕ್ಟೋಬರಿನಲ್ಲಿ ಅಲ್ಲಿನ ಬೀದಿಗಳಿಗೆ ವಿದಾಯ ಹೇಳಿದ ಅದೇ ಕಾರು. ಅಣ್ಣನ ಮಗನಿಗೆ ಅದನ್ನು ನೆಲ ಮುಟ್ಟುವಷ್ಟು ತಗ್ಗಿಸುವ ಆಸೆ. ‘ಮುಂದಿನ ಸ್ಪ್ರಿಂಗುಗಳಲ್ಲಿ ಎರಡೆರಡು ಸುತ್ತು ಕತ್ತರಿಸಿದರೆ ಸಾಕು ಅತ್ತೆ, ಎಷ್ಟು ಠೀವಿಯಾಗಿ ಕಾಣುತ್ತೆ ನೋಡಿ’ ಎಂದ.

ಇದನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕನ್ ಮೂಲದ ತರುಣರು ಹಳೆಯ ಕಾರುಗಳ ಡಿಕ್ಕಿಗೆ ಮರಳಿನ ಮೂಟೆ ಹೇರಿ, ಸ್ಪ್ರಿಂಗು ಕತ್ತರಿಸಿ, ತಗ್ಗಿಸಿ, ಮೆರವಣಿಗೆಯಂತೆ ನಿಧಾನವಾಗಿ ಓಡಿಸುತ್ತಿದ್ದರು. ಚಕ್ರದ ರಿಮ್ಮಿಗಿಂತ ಕೆಳಗೆ ಕಾರಿನ ಯಾವ ಭಾಗವೂ ಇಳಿಯಬಾರದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 1958ರಲ್ಲಿ ಜಾರಿಗೆ ಬಂತು. ರಾನ್ ಅಗಿರೆ ಎಂಬಾತ ತನ್ನ ಕಾರಿಗೆ ವಿಮಾನದ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿ, ಬೇಕೆಂದಾಗ ಇಳಿಯುವ, ಪೊಲೀಸರು ಕಂಡಾಗ ಏರುವ ಕಾರು ಮಾಡಿಬಿಟ್ಟ! ಆ ನಿಷೇಧ ತೊಲಗಿದ್ದು 2024ರ ಜನವರಿಯಲ್ಲಿ. ತಮ್ಮನ್ನು ಕೀಳಾಗಿ ಕಂಡ ಊರಿನಲ್ಲಿ ತಲೆಯೆತ್ತಿ ನಡೆಯಲು ಅವರು ಕಾರನ್ನು ತಗ್ಗಿಸಿದರು. ಅದನ್ನು ತಪ್ಪೆನ್ನಲು ನಾನು ಯಾರು?

ಹಾಗಾಗಿ ಗ್ಯಾರೇಜಿನ ಮೇಸ್ತ್ರಿಯನ್ನೇ ಕೇಳಿದೆ: ಅಪಾಯವಿಲ್ಲದೆ ಕತ್ತರಿಸಲು ಬರುತ್ತದೆಯೆ? ಬರುತ್ತದೆ, ಆದರೆ ನೇಮವುಂಟು ಎಂದರು. ಗ್ಯಾಸಿನ ಬೆಂಕಿ ತಾಗಿಸಲೇಬಾರದು, ಉಕ್ಕಿನ ಹದ ಕೆಡುತ್ತದೆ. ಕತ್ತರಿಸುವ ಚಕ್ರದಿಂದಲೇ ಕೊಯ್ಯಬೇಕು. ಅದುಮಿಟ್ಟ ಸ್ಪ್ರಿಂಗನ್ನು ಬಿಗಿಹಿಡಿಯುವ ಸಾಧನವಿಲ್ಲದೆ ಬಿಚ್ಚಿದರೆ ಅದು ಸಿಡಿದು ಆಳನ್ನೇ ತೆಗೆದೀತು. ಒಮ್ಮೆಗೆ ಅರ್ಧ ಸುತ್ತಿಗಿಂತ ಹೆಚ್ಚು ಕೊಯ್ಯಬಾರದು, ಎಡಬಲ ಸಮನಾಗಿರಬೇಕು. ಸ್ಪ್ರಿಂಗು ಚಕ್ರದಿಂದ ಒಳಗೆ ಕೂತಿರುವುದರಿಂದ ಅಲ್ಲಿ ಒಂದು ಅಂಗುಲ ತಗ್ಗಿದರೆ ಚಕ್ರದ ಬಳಿ ಅದಕ್ಕಿಂತ ಹೆಚ್ಚೇ ತಗ್ಗುತ್ತದೆ. ಕೊಯ್ದ ತುದಿ ತನ್ನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಚಕ್ರ ಪೂರ್ತಿ ಜೋತುಬಿದ್ದಾಗಲೂ ಅಲ್ಲಿಂದ ಕದಲಬಾರದು. ಆಮೇಲೆ ಚಕ್ರಗಳ ಅಲೈನ್‌ಮೆಂಟು, ದೀಪಗಳ ನೋಟ ಎಲ್ಲ ಮತ್ತೆ ಸರಿಪಡಿಸಬೇಕು. ಹಿಂದೆ ಇರುವುದು ಕಮಾನು ಪಟ್ಟಿ, ಅಲ್ಲಿ ಈ ವಿದ್ಯೆ ನಡೆಯುವುದಿಲ್ಲ.

ಕೊನೆಗೆ ಅವರು ಹೇಳಿದ್ದು ನನ್ನನ್ನು ಹಿಡಿದು ನಿಲ್ಲಿಸಿತು: ‘ಕತ್ತರಿಸಿದ ಸ್ಪ್ರಿಂಗು ಮೆತ್ತಗಾಗಲ್ಲಮ್ಮ, ಬಿರುಸಾಗುತ್ತೆ.’ ಹೊರೆ ಬಿದ್ದಾಗ ಒಂದೊಂದು ಸುತ್ತೂ ತನ್ನ ಪಾಲಿನಷ್ಟು ಬಗ್ಗುತ್ತದೆಯಂತೆ. ಬಗ್ಗುವ ಎಂಟು ಸುತ್ತುಗಳಲ್ಲಿ ಎರಡನ್ನು ತೆಗೆದರೆ ಉಳಿದದ್ದು ಮೊದಲಿಗಿಂತ ಮೂರರಲ್ಲೊಂದು ಪಾಲು ಹೆಚ್ಚು ಬಿರುಸು. ಕಾರು ತಗ್ಗಿತು, ಆದರೆ ಬಗ್ಗುವುದನ್ನು ಕಳೆದುಕೊಂಡಿತು. ಹಾಗಾದರೆ ಗುಂಡಿಯ ಪೆಟ್ಟು ಎಲ್ಲಿ ಹೋಯಿತು? ಒಳಗೆ ಕುಳಿತವರ ಬೆನ್ನಿಗೆ. ಕತ್ತರಿಸುವವನಿಗೆ ಇಪ್ಪತ್ತಾರು ವರ್ಷ. ಹಿಂದಿನ ಸೀಟಿನಲ್ಲಿ ಕೂರುವ ಅತ್ತಿಗೆಗೆ ಎಪ್ಪತ್ತೊಂದು, ಮಂಡಿನೋವು ಬೇರೆ.

ಹಳೆಯದನ್ನು ಮುಟ್ಟಲೇಬಾರದೆಂದು ನಾವು ಹೆಂಗಸರು ಹೇಳುವ ಹಾಗಿಲ್ಲ. ಅಜ್ಜಿಯ ರೇಷ್ಮೆ ಸೀರೆ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿಸಿದವರು ನಾವು. ಅಮ್ಮನ ಅವಲಕ್ಕಿ ಸರ ಕರಗಿಸಿ ಬಳೆ ಮಾಡಿಸಿದವರೂ ನಾವೇ. ಬಳಸದೆ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದಕ್ಕಿಂತ ಅದೇ ಮೇಲು. ಆದರೆ ಲಂಗವಾದ ಸೀರೆ ಯಾರ ಮೈಯನ್ನೂ ನೋಯಿಸುವುದಿಲ್ಲ. ಕತ್ತರಿಸಿದ ಸ್ಪ್ರಿಂಗನ್ನೋ ಮತ್ತೆ ಬೆಸೆಯಲಾಗದು. ಬೆಸೆದರೆ ಅಲ್ಲೇ ಮುರಿಯುತ್ತದೆ. ಮರಳಿ ಕೂಡಿಸಲಾಗದ್ದನ್ನು ಕತ್ತರಿಸುವ ಮುನ್ನ, ಅದರ ಪೆಟ್ಟು ತಿನ್ನುವವರನ್ನು ಕೇಳಬೇಡವೆ? ಕೈಚಳಕದಿಂದ ಕೆಲಸ ಅಪಾಯವಿಲ್ಲದೆ ಮುಗಿದೀತು. ಅಷ್ಟರಿಂದಲೇ ಅದು ಸರಿಯಾಗಿಬಿಡುವುದಿಲ್ಲ.

ಕಾನೂನು ಕೂಡ ಮಾತಾಡುವುದು ಮಾಲೀಕರ ಜೊತೆಗೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊರತಾಗುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿತು. ನಮ್ಮ ಪದ್ಮಿನಿಯ ನೋಂದಣಿ ಪತ್ರದಲ್ಲಿರುವುದು ಅತ್ತಿಗೆಯ ಹೆಸರು. ಮಗ, ಮೇಸ್ತ್ರಿ, ನಾನು, ಇಷ್ಟು ಜನ ಇಷ್ಟು ದಿನ ಮಾತಾಡಿದೆವು. ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೇಳಿದಾಗ ಅತ್ತಿಗೆ ಹೂ ಕಟ್ಟುವುದನ್ನು ನಿಲ್ಲಿಸದೆಯೇ ಹೇಳಿದರು: ‘ನಾನು ಹತ್ತಿ ಇಳಿಯುವಷ್ಟು ದಿನ ಹೀಗೇ ಇರಲಿ. ಆಮೇಲೆ ಅವನ ಕಾರು, ಅವನ ಬೆನ್ನು.’

ಮಗನ ಆಸೆಗೆ ಅವರು ಅಡ್ಡ ನಿಲ್ಲಲಿಲ್ಲ, ತಮ್ಮ ನೋವನ್ನು ನುಂಗಿಕೊಳ್ಳಲೂ ಇಲ್ಲ. ‘ತಗ್ಗಿ ಬಗ್ಗಿ’ ಎಂದು ನಮಗೆ ಕಲಿಸಿದ ಹಿರಿಯರು ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತಿದ್ದರೋ! ನನಗಂತೂ ಬಗ್ಗುವುದನ್ನು ಬಲ್ಲವರಿಗೆ ತಗ್ಗಲೇಬೇಕಾದ ಅಗತ್ಯವಿಲ್ಲ ಎನ್ನಿಸಿತು.