ಸೀರೆಯುಟ್ಟ ಕಾಲು ಕಾಣದ ಕ್ಯಾಮೆರಾ

ಬೆಂಗಳೂರಿನಲ್ಲಿ ನೌಕರಿಗಿರುವ ಮಗ ಹೊಸದೊಂದು ಕೊಂಡನೆಂದರೆ ಹಳೆಯದು ಊರಿಗೆ ಬರುವುದು ವಾಡಿಕೆ. ಟಿ.ವಿ., ಮೊಬೈಲು, ಮಿಕ್ಸರು ಬಂದ ದಾರಿಯಲ್ಲೇ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಿಗೆ ಅಲ್ಲೊಂದು ಇಲ್ಲೊಂದು ವಿಡಿಯೊ ಗೇಮಿನ ಪೆಟ್ಟಿಗೆಯೂ ಬಂದು ಕೂತಿದೆ. ಅದರ ಬೆನ್ನಿಗೆ ಒಂದು ಕ್ಯಾಮೆರಾ ಬಂದಿದ್ದರೆ ಅದು ಸೀದಾ ಅಟ್ಟ ಸೇರುತ್ತದೆ. ಮದುವೆ ಮುಂಜಿಯಲ್ಲಿ ಫೋಟೊ ತೆಗೆಯಲು ಬಾರದ ಕ್ಯಾಮೆರಾ ಯಾರಿಗೆ ಬೇಕು? ಆದರೆ ಅಟ್ಟ ಸೇರಬೇಕಾದ ವಸ್ತು ಅದಲ್ಲ ಎಂಬುದು ನನ್ನ ವಾದ.

ಸೋನಿ ಕಂಪನಿ 2003ರಲ್ಲಿ ತನ್ನ ಪ್ಲೇಸ್ಟೇಷನ್ 2ಕ್ಕೆ ‘ಐಟಾಯ್’ ಎಂಬ ಪುಟ್ಟ ಕ್ಯಾಮೆರಾ ತಂದಿತು. ಅದರ ಹಿಂದಿದ್ದವರು ರಿಚರ್ಡ್ ಮಾರ್ಕ್ಸ್ ಎಂಬ ಎಂಜಿನಿಯರ್. ಟಿ.ವಿ. ಮೇಲೆ ಅದನ್ನಿಟ್ಟು ಎದುರಿಗೆ ನಿಂತರೆ ನಮ್ಮ ಮುಖವೇ ಆಟದೊಳಗೆ. ಗುಂಡಿ ಒತ್ತುವ ಗೊಡವೆಯಿಲ್ಲ, ಕೈ ಬೀಸಿದರೆ ಸಾಕು. ಜತೆಗೆ ಕೊಟ್ಟಿದ್ದ ಹನ್ನೆರಡು ಆಟಗಳಲ್ಲಿ ಒಂದು ಕಿಟಕಿ ತೊಳೆಯುವುದು. ಪರದೆ ತುಂಬ ಇರುವ ನೊರೆಯನ್ನು ಎರಡೂ ಕೈಯಿಂದ ಉಜ್ಜಿ ಉಜ್ಜಿ ತೆಗೆಯಬೇಕು. ಅಂಗಳ ಗುಡಿಸು ಎಂದರೆ ಮೂತಿ ತಿರುಗಿಸುವ ಹುಡುಗ ಟಿ.ವಿ.ಯ ಕಿಟಕಿಯನ್ನು ಬೆವರು ಸುರಿಸಿ ತೊಳೆಯುತ್ತಾನೆ. ಅದೇನು ಮಾಯೆಯೋ! 2008ರ ಹೊತ್ತಿಗೆ ಜಗತ್ತಿನಲ್ಲಿ ಇಂಥ ಒಂದು ಕೋಟಿಗೂ ಹೆಚ್ಚು ಕ್ಯಾಮೆರಾ ಮಾರಾಟವಾಗಿದ್ದವು.

ಐಟಾಯ್‌ನ ಬುದ್ಧಿ ಸರಳ. ಹಿಂದಿನ ಕ್ಷಣದ ಚಿತ್ರಕ್ಕೂ ಈ ಕ್ಷಣದ ಚಿತ್ರಕ್ಕೂ ಎಲ್ಲಿ ವ್ಯತ್ಯಾಸ ಕಂಡಿತೋ ಅಲ್ಲಿ ಯಾರೋ ಕೈ ಆಡಿಸಿದರು ಎಂದು ತಿಳಿದುಕೊಳ್ಳುತ್ತದೆ. ಹಿಂದೆ ಫ್ಯಾನಿನ ಗಾಳಿಗೆ ಬಾಗಿಲ ಪರದೆ ಹಾರಾಡಿದರೆ ಅದರ ಲೆಕ್ಕದಲ್ಲಿ ಆ ಪರದೆಯೂ ಆಟಗಾರನೇ. ಬೆಳಕು ಕಡಿಮೆಯಾಯಿತೋ, ಪೂರಾ ಕುರುಡು.

2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ಕ್ಕೆ ತಂದ ‘ಕಿನೆಕ್ಟ್’ ಬೇರೆಯೇ ಜಾತಿಯದು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯನ್ನೇ ಸೇರಿತು. ಮೊಳದುದ್ದವೂ ಇಲ್ಲದ ಕಪ್ಪು ಪಟ್ಟಿ, ಮುಂದೆ ಮೂರು ಗಾಜಿನ ಕಣ್ಣು, ಕೆಳಗೆ ಮೋಟಾರಿನ ಪೀಠ. ಎದುರಿಗೆ ನಿಂತವರ ಎತ್ತರ ನೋಡಿ ತಾನೇ ತಲೆ ಎತ್ತಿ ಇಳಿಸುತ್ತದೆ. ಮೂರು ಕಣ್ಣಿನಲ್ಲಿ ಒಂದು ನೋಡುವ ಕಣ್ಣಲ್ಲ, ಎರಚುವ ಕಣ್ಣು. ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕೆಗಳನ್ನು ಅದು ಕೋಣೆಯ ತುಂಬ ಎರಚುತ್ತದೆ. ಮೈಮೇಲೆ, ಗೋಡೆಯ ಮೇಲೆ ಆ ಚುಕ್ಕೆಗಳು ಎಲ್ಲೆಲ್ಲಿ ಸರಿದು ಕೂತವೆಂದು ಇನ್ನೊಂದು ಕಣ್ಣು ನೋಡಿ ಯಾವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಈ ಉಪಾಯ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು.

ಇಲ್ಲೇ ನಮ್ಮ ಕಡೆಯವರಿಗೆ ಒಂದು ಲಾಭವಿದೆ. ಬಯಲುಸೀಮೆಗೆ ವಾಲಿದ ಸವಣೂರು ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದ್ದೀರಲ್ಲ? ಮಣ್ಣಿನ ದಪ್ಪ ಗೋಡೆ, ಮಟಮಟ ಮಧ್ಯಾಹ್ನದಲ್ಲೂ ತಂಪು, ಕತ್ತಲು. ಬೆಳಕೆಂದರೆ ಮೇಲಿನ ಬೆಳಕಿಂಡಿಯೊಂದೇ. ಅಂಥ ಮನೆಯಲ್ಲಿ ಐಟಾಯ್ ಒಂದು ನಿಮಿಷವೂ ಬಾಳುವುದಿಲ್ಲ. ಕಿನೆಕ್ಟ್ ಮಾತ್ರ ಖುಷಿಯಾಗಿರುತ್ತದೆ, ಏಕೆಂದರೆ ಅದು ತನ್ನ ಬೆಳಕನ್ನು ತಾನೇ ತರುತ್ತದೆ. ಅದಕ್ಕೆ ಆಗದಿರುವುದು ಬಿಸಿಲು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ನೇರ ಬಿಸಿಲು ಬಿದ್ದ ಜಾಗದಲ್ಲಿ ಅದರ ಚುಕ್ಕೆಗಳು ಮುಳುಗಿಹೋಗುತ್ತವೆ. ಬೆಳಕಿಂಡಿಯ ಬಿಸಿಲಕೋಲು ಬೀಳುವ ಜಾಗ ಬಿಟ್ಟು ನಿಂತರೆ ಆಟ ಸಲೀಸು.

ಇನ್ನೊಂದು ಲಾಭ ಜಾಗದ್ದು. ಈ ಕ್ಯಾಮೆರಾದ ಎದುರು ಒಬ್ಬರು ನಿಲ್ಲಲು ಆರು ಅಡಿ ದೂರ ಬೇಕು, ಇಬ್ಬರಾದರೆ ಎಂಟು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಟಿ.ವಿ.ಗೂ ಸೋಫಾಕ್ಕೂ ನಡುವೆ ಟೀಪಾಯಿ ಇಟ್ಟ ಮೇಲೆ ಉಳಿಯುವುದು ಮೂರು ಅಡಿ. ಎಷ್ಟೋ ಮನೆಗಳಲ್ಲಿ ಅದು ಮೂಲೆ ಸೇರಿದ್ದು ಇದಕ್ಕೇ ಎಂದು ನನಗನ್ನಿಸುತ್ತದೆ. ಹಾನಗಲ್ಲಿನ ಹಂಚಿನ ಮನೆಯ ಪಡಸಾಲೆಗೆ ಈ ತಾಪತ್ರಯವಿಲ್ಲ. ಸುಗ್ಗಿಯಲ್ಲಿ ಚೀಲ ಒಟ್ಟಲು, ಹಬ್ಬದಲ್ಲಿ ಪಂಕ್ತಿ ಹಾಕಲು ಕಟ್ಟಿಸಿದ ಜಾಗ ಅದು. ಹತ್ತು ಅಡಿ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಸಾಲುಗಂಬದ ಮರೆಗೆ ಸರಿಯದಂತೆ ಹುಷಾರಾಗಿದ್ದರೆ ಆಯಿತು.

ಅಂಥದೊಂದು ಪಡಸಾಲೆಯಲ್ಲಿ ದೀಪಾವಳಿಗೆ ನೆಂಟರೆಲ್ಲ ಸೇರಿದ್ದಾಗ ನೋಡಿದ್ದನ್ನು ಹೇಳಬೇಕು. ‘ಕಿನೆಕ್ಟ್ ಸ್ಪೋರ್ಟ್ಸ್’ ಹಾಕಿದ್ದರು. ಬೌಲಿಂಗ್, ಬಾಕ್ಸಿಂಗ್, ಟೇಬಲ್ ಟೆನಿಸ್, ಫುಟ್‌ಬಾಲ್ ಎಲ್ಲ ಅದರಲ್ಲಿವೆ. ಹುಡುಗರ ಗದ್ದಲ ನೋಡಿ ನೋಡಿ ಅಜ್ಜಿ ತಾನೂ ಎದ್ದು ನಿಂತಳು. ಬೌಲಿಂಗಿನಲ್ಲಿ ಏನೂ ತೊಂದರೆಯಾಗಲಿಲ್ಲ. ತೋಳು ಬೀಸಿದಳು, ಕಂಬಗಳು ಉರುಳಿದವು. ಫುಟ್‌ಬಾಲ್ ಬಂದಾಗ ಮಾತ್ರ ಎಷ್ಟು ಒದ್ದರೂ ಪರದೆಯ ಮೇಲಿನ ಗೊಂಬೆ ಕಾಲನ್ನೇ ಎತ್ತಲೊಲ್ಲದು.

“ಯಾಕೋ ತಮ್ಮಾ, ನನ್ನ ಕಾಲು ಕಾಣವಲ್ಲದೇನು ಇದಕ್ಕ?”

“ಸೀರಿ ಅಡ್ಡ ಬರ್ತೈತಿ ಅಜ್ಜೀ. ಅದಕ್ಕ ಎರಡೂ ಕಾಲು ಒಂದ ಕಂಡಂಗ ಕಾಣತೈತಿ.”

“ಹಂಗಾದ್ರ ತಡಿ.”

ನಾಟಿಗೆ ಗದ್ದೆಗಿಳಿಯುವಾಗ ಮಾಡುವ ಹಾಗೆ ನೆರಿಗೆ ಎತ್ತಿ, ಹಿಂದಕ್ಕೆ ಕಚ್ಚೆ ಸಿಕ್ಕಿಸಿ ನಿಂತಳು. ಪರದೆಯ ಮೂಲೆಯಲ್ಲಿ ಕ್ಯಾಮೆರಾ ತೋರಿಸುವ ನೆರಳಿನಲ್ಲಿ ಒಂದಾಗಿದ್ದ ಕಾಲು ಎರಡಾಯಿತು. ಮುಂದಿನ ಒದೆತ ಗೋಲು. ಮನೆಯ ಗಂಡಸರಲ್ಲಿ ಲುಂಗಿ ಉಟ್ಟವರು ಪೆಚ್ಚಾಗಿ, ಮೇಲಕ್ಕೆತ್ತಿ ಕಟ್ಟಿಕೊಂಡು ಬಂದು ಸರದಿಗೆ ನಿಂತರು.

ಕಾರಣ ಆ ಕ್ಯಾಮೆರಾ ಮೈ ಗುರುತಿಸಲು ಕಲಿತ ಬಗೆಯಲ್ಲಿದೆ. ಮೈಕ್ರೋಸಾಫ್ಟಿನ ಕೇಂಬ್ರಿಡ್ಜ್ ಸಂಶೋಧನಾಲಯದ ಜೇಮಿ ಶಾಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದೆಲ್ಲ ಇದೆ. ಓಡುವ, ಒದೆಯುವ, ಕುಣಿಯುವ, ವಾಹನ ನಡೆಸುವ ಜನರ ಚಲನೆಯನ್ನು ಸುಮಾರು 5 ಲಕ್ಷ ಚೌಕಟ್ಟುಗಳಲ್ಲಿ ಸೆರೆಹಿಡಿದು, ಅವುಗಳಿಂದ ಗಿಡ್ಡ, ಉದ್ದ, ದಪ್ಪ, ತೆಳು ಮೈಗಳ ಕೃತಕ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿ, ಮೈಯನ್ನು 31 ಭಾಗ ಮಾಡಿ ಕಲಿಸಿದರು. ಹತ್ತು ಲಕ್ಷ ಚಿತ್ರಗಳ ಪಾಠಕ್ಕೆ ಸಾವಿರ ಕೋರ್‌ಗಳ ಕಂಪ್ಯೂಟರ್ ಸಮೂಹಕ್ಕೂ ಸುಮಾರು ಒಂದು ದಿನ ಹಿಡಿಯಿತಂತೆ. ಆ ಮೈಗಳ ಗುಂಪಿನಲ್ಲಿ ನೆರಿಗೆ ಬಿಟ್ಟ ಸೀರೆ ಇದ್ದೀತೆಂದು ನನಗೆ ನಂಬಿಕೆಯಿಲ್ಲ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತವರನ್ನು ಕಂಡರೂ ಅದು ತಬ್ಬಿಬ್ಬಾಗುತ್ತದೆ.

ಇನ್ನೊಂದು ತಮಾಷೆ ನೋಡಿ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು ಪ್ಲೇಸ್ಟೇಷನ್ 2ಕ್ಕೆ ‘ದೇಸಿ ಅಡ್ಡಾ’ ಎಂಬ ಆಟಗಳ ಕಂತೆ ಮಾಡಿತು. ಕಬಡ್ಡಿ, ಚಿಣ್ಣಿದಾಂಡು, ಗಾಳಿಪಟ, ಎಲ್ಲ ನಮ್ಮವೇ. ಆದರೆ ಆಡಬೇಕಾದ್ದು ಕೂತಲ್ಲೇ ಕೂತು ಹೆಬ್ಬೆರಳಿನಿಂದ. ನಾವು ಜನ್ಮದಲ್ಲಿ ಕಾಣದ ಬೌಲಿಂಗನ್ನು ಮೈ ಬಗ್ಗಿಸಿ ಆಡುತ್ತೇವೆ, ಮೈಯೇ ಮುಖ್ಯವಾದ ಕಬಡ್ಡಿಯನ್ನು ಬೆರಳಲ್ಲಿ ಒತ್ತುತ್ತೇವೆ! ಹಾವೇರಿ ಜಿಲ್ಲೆಯ ಕಬಡ್ಡಿ ಹುಡುಗರಿಗೆ ಇದನ್ನು ಹೇಳಿದರೆ ನಕ್ಕಾರು.

ಮನೆಯೊಳಗೆ ಕ್ಯಾಮೆರಾ ಎಂದ ಮೇಲೆ ಹುಷಾರಿ ಬೇಕೇ ಬೇಕು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬಂದಾಗ ಕಿನೆಕ್ಟ್ ಸದಾ ಜೋಡಿಸಿಯೇ ಇರಬೇಕೆಂದು ಕಂಪನಿ ಮೊದಲು ಹೇಳಿತ್ತು. ಜನ ರೊಚ್ಚಿಗೆದ್ದರು, ಕಂಪನಿ ಹಿಂದೆ ಸರಿಯಿತು. ಮರುವರ್ಷ ಕ್ಯಾಮೆರಾ ಇಲ್ಲದೆಯೇ ಪೆಟ್ಟಿಗೆ ಮಾರತೊಡಗಿತು. ಪಡಸಾಲೆ ನಮ್ಮಲ್ಲಿ ರಾತ್ರಿ ಮಲಗುವ ಜಾಗವೂ ಹೌದು. ಆಟ ಮುಗಿದ ಕೂಡಲೇ ಪ್ಲಗ್ ಕಿತ್ತಿಡಿ, ಅಷ್ಟೇ.

2017ರಲ್ಲಿ ಕಿನೆಕ್ಟ್ ತಯಾರಿಕೆಯನ್ನೇ ನಿಲ್ಲಿಸಲಾಯಿತು. 2020ರ ಹೊಸ ಎಕ್ಸ್‌ಬಾಕ್ಸ್‌ಗಳು ಅದನ್ನು ಗುರುತಿಸುವುದೂ ಇಲ್ಲ. ಈಗ ಬರುವ ಆಟದ ಕ್ಯಾಮೆರಾಗಳ ಮುಖ್ಯ ಕೆಲಸ ಆಡುವವರ ಮುಖವನ್ನು ದೂರದಲ್ಲಿದ್ದವರಿಗೆ ತೋರಿಸುವುದು. ಪ್ಲೇಸ್ಟೇಷನ್ 5ರದ್ದೂ ಅದೇ, 2025ರಲ್ಲಿ ನಿಂಟೆಂಡೊ ಸ್ವಿಚ್ 2ರ ಜತೆ ಬಂದದ್ದೂ ಬಹುಪಾಲು ಅದೇ. ಮೈ ಅಳೆಯುವ ಕಣ್ಣು ಮಾತ್ರ ಹಳೆಯ ಸಾಮಾನಿನ ಅಂಗಡಿಗೆ ಬಿತ್ತು.

ಬಿದ್ದರೂ ಸಾಯಲಿಲ್ಲ. ಮಾರುಕಟ್ಟೆಗೆ ಬಂದು ಒಂದು ವಾರ ಕಳೆಯುವಷ್ಟರಲ್ಲೇ ಹೆಕ್ಟರ್ ಮಾರ್ಟಿನ್ ಎಂಬ ಸ್ಪೇನಿನ ಯುವಕ ಅದನ್ನು ಸಾಮಾನ್ಯ ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಅದಕ್ಕಾಗಿ ಆಡಾಫ್ರೂಟ್ ಎಂಬ ಸಂಸ್ಥೆ ಇಟ್ಟಿದ್ದ 3,000 ಡಾಲರ್ ಬಹುಮಾನವೂ ಅವನಿಗೇ ಸಿಕ್ಕಿತು. ಅಂದಿನಿಂದ ಇದು ಆಟಿಕೆಯಾಗಿ ಉಳಿಯಲಿಲ್ಲ. ಖರಗ್‌ಪುರದ ಐಐಟಿಯವರು ಇದರ ಮುಂದೆ ಭರತನಾಟ್ಯದ ಕಲಾವಿದರನ್ನು ನಿಲ್ಲಿಸಿ ಅಡವುಗಳನ್ನು ದಾಖಲಿಸಿದರು. ಮಾಮೂಲಿ ವಿಡಿಯೊದಲ್ಲಿ ಕುಣಿತ ಕಾಣುತ್ತದೆ. ಇದರಲ್ಲಿ ಮೊಣಕಾಲು ಎಷ್ಟು ಬಗ್ಗಿತು, ಭುಜ ಎಷ್ಟು ತಿರುಗಿತು ಎಂಬ ಅಳತೆಯೂ ಸಿಗುತ್ತದೆ. 20 ಕೀಲುಗಳು, ಸೆಕೆಂಡಿಗೆ 30 ಸಲ.

ಭರತನಾಟ್ಯಕ್ಕೆ ಶಾಸ್ತ್ರಗ್ರಂಥಗಳಿವೆ, ಊರೂರಿಗೆ ಶಾಲೆಗಳಿವೆ. ನಮ್ಮ ಪುರವಂತರ ಹೆಜ್ಜೆಗೆ, ಡೊಳ್ಳಿನವರ ಹೆಜ್ಜೆಗೆ, ದೊಡ್ಡಾಟದ ಕುಣಿತಕ್ಕೆ ಏನಿದೆ? ಕುಣಿಯುವವರ ಮೈಯಷ್ಟೇ ಇದೆ. ಆ ಮೈಗೆ ವಯಸ್ಸಾಗುತ್ತಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ದೊಡ್ಡಾಟಕ್ಕಾಗಿ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇರುವುದೂ ಅದೇ ಊರಿನಲ್ಲಿ. ಹಳ್ಳಿಯ ದುಡಿಮೆ, ಆಟ, ಬದುಕೆಲ್ಲ ಆಳೆತ್ತರದ ಪ್ರತಿಮೆಗಳಾಗಿ ಅಲ್ಲಿ ನಿಂತಿವೆ. ಪ್ರತಿಮೆ ಒಂದು ಭಂಗಿಯನ್ನು ಹಿಡಿದಿಡಬಲ್ಲದು. ಭಂಗಿಯಿಂದ ಭಂಗಿಗೆ ಮೈ ಹೇಗೆ ಹೋಗುತ್ತದೆ ಎಂಬುದನ್ನು ಹಿಡಿಯಲು ಇಂಥ ಕಣ್ಣೇ ಬೇಕು.

ತೊಡಕುಗಳಿವೆ. ಹಳೆಯ ಕಿನೆಕ್ಟ್ ಒಮ್ಮೆಗೆ ಇಬ್ಬರ ಕೀಲುಗಳನ್ನಷ್ಟೇ ಪೂರ್ತಿ ಲೆಕ್ಕ ಹಾಕುತ್ತದೆ; ಡೊಳ್ಳಿನ ತಂಡವನ್ನು ಅದರ ಮುಂದೆ ಒಟ್ಟಿಗೆ ನಿಲ್ಲಿಸುವಂತಿಲ್ಲ. ಎದೆಯ ಮೇಲೆ ಡೊಳ್ಳು ಬಂದರೆ ಮುಂಡವೇ ಮರೆಯಾಗುತ್ತದೆ. ಬೆನ್ನು ತಿರುಗಿಸಿದರೆ ಎಡಗೈ ಯಾವುದು, ಬಲಗೈ ಯಾವುದು ಎಂಬ ಗೊಂದಲ. ಮೊದಲು ಒಬ್ಬೊಬ್ಬರನ್ನೇ ಕರೆದು, ಡೊಳ್ಳು ಕೆಳಗಿರಿಸಿ, ಬಿಗಿಯಾಗಿ ಕಚ್ಚೆ ಹಾಕಿಸಿ, ಹೆಜ್ಜೆಗಳನ್ನಷ್ಟೇ ದಾಖಲಿಸಬೇಕು. ಬೇಕಾದ್ದು ಒಂದು ಲ್ಯಾಪ್‌ಟಾಪು, ಒಂದು ನೆರಳಿನ ಕೋಣೆ, ಎಂಟು ಹತ್ತು ಅಡಿ ಜಾಗ. ಒಂದು ಎಚ್ಚರ: ಈ ಕ್ಯಾಮೆರಾದ ತಂತಿ ಮಾಮೂಲಿ ಯುಎಸ್‌ಬಿ ಅಲ್ಲ, ಕಂಪ್ಯೂಟರಿಗೆ ಹಾಕಬೇಕಾದರೆ ಕರೆಂಟಿಗೂ ಜೋಡಿಸುವ ಪ್ರತ್ಯೇಕ ಅಡಾಪ್ಟರ್ ಬೇಕೇ ಬೇಕು.

ಆದ್ದರಿಂದ ಹಾನಗಲ್ಲಿನವರೇ, ಸವಣೂರಿನವರೇ, ಹಿರೇಕೆರೂರಿನವರೇ, ನಿಮ್ಮ ಅಟ್ಟದಲ್ಲಿ ಮೂರು ಕಣ್ಣಿನ ಕಪ್ಪು ಪಟ್ಟಿಯೊಂದಿದ್ದರೆ ಹಳೇ ಕಬ್ಬಿಣದವನಿಗೆ ತೂಕಕ್ಕೆ ಹಾಕಬೇಡಿ. ಮೊದಲು ಮನೆಯವರೆಲ್ಲ ಸೇರಿ ಒಂದು ಸಂಜೆ ಆಡಿ. ನಿಮಗೆ ಬೇಡವೆನಿಸಿದರೆ ಅಡಾಪ್ಟರ್ ಸಮೇತ ಗೊಟಗೋಡಿಗೆ ಕೊಂಡೊಯ್ದು ಕೊಡಲು ಮುಂದಾಗಿ. ವಿಶ್ವವಿದ್ಯಾಲಯದವರು ಅದನ್ನು ತೆಗೆದುಕೊಂಡು, ಸುತ್ತಲಿನ ಹಳ್ಳಿಗಳ ಹಿರಿಯ ಪುರವಂತರಿಂದಲೇ ಕೆಲಸ ಶುರು ಮಾಡಲಿ.